ಹಿಂದೆ ಮಲಗಿದವರ ಅಳತೆ

ಶನಿವಾರ, ಹದಿನಾಲ್ಕನೇ ತಾರೀಕು
ಕಲ್ಲುಗಣಿ ಕಾಲನಿ, ದರ್ಜಿಯ ಮನೆ

ಗ್ಯಾರೇಜಿನ ಯಜಮಾನರಿಗೆ,

ನಿಮ್ಮ ಜೊತೆ ಮಾತು ಬಿಟ್ಟು ನಾಲ್ಕು ವರ್ಷ ಎರಡು ತಿಂಗಳಾಯಿತು. ಕಾಗದ ಬರೆಯುವುದು ಮಾತಾಡಿದ ಹಾಗಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಕೇಳುವುದಿಲ್ಲ. ನೀವು ಕ್ಷೇಮವಾಗಿದ್ದೀರಿ ಎಂದು ಎರಡನೇ ತಾರೀಕಿನ ಪತ್ರಿಕೆಯಲ್ಲೇ ನೋಡಿದೆ. ನಮ್ಮ ರೋಗಿ ಸೇವಾ ಸಮಿತಿಯ ಜೀಪಿನ ಬಾನೆಟ್ ಮೇಲೆ ಕೈ ಇಟ್ಟು ನಿಂತಿದ್ದೀರಿ. ಪಕ್ಕದಲ್ಲಿ ಸಮಿತಿಯ ಕಾರ್ಯದರ್ಶಿ, ನಮ್ಮ ಔಷಧದಂಗಡಿಯವರು, ಇದ್ದಬದ್ದ ಹಲ್ಲನ್ನೆಲ್ಲ ತೋರಿಸುತ್ತಿದ್ದಾರೆ. ಕೆಳಗೆ ‘ಗುಡ್ಡದ ರೋಗಿಗಳಿಗೆ ಹೊಸ ಬಲ’ ಎಂದು ಅಚ್ಚಾಗಿದೆ. ಚಿತ್ರದಲ್ಲಿ ಗಾಡಿಯ ಹಿಂಬಾಗಿಲು ಮುಚ್ಚಿತ್ತು. ಅದನ್ನು ತೆರೆದು ಒಳಗೆ ಏನಿದೆ ಎಂದು ತೋರಿಸಬೇಕೆಂದು ಫೋಟೋ ತೆಗೆದವನಿಗೂ ತೋಚಲಿಲ್ಲ, ತೆಗೆಸಿಕೊಂಡವರಿಗೂ ತೋಚಲಿಲ್ಲ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನೀವು ಸಸ್ಪೆನ್ಷನ್ ಬದಲಾಯಿಸಿ ಕೊಟ್ಟ ಆ ಜೀಪಿಗೆ ಇನ್ನು ಹತ್ತುವುದಿಲ್ಲ ಎಂದು ದರ್ಜಿ ಕೂತುಬಿಟ್ಟಿದ್ದಾಳೆ. ಅವಳ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಪಟ್ಟಣದ ಆಸ್ಪತ್ರೆಗೆ ಇಳಿದು ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಮಂಗಳವಾರ ತಪ್ಪಿತು. ನಿನ್ನೆಯ ಶುಕ್ರವಾರವೂ ತಪ್ಪಿತು. ಕಾಲು ಊದಿಕೊಂಡು ಚಪ್ಪಲಿಗೆ ಹಿಡಿಸುತ್ತಿಲ್ಲ. ರೆಪ್ಪೆಗಳು ಭಾರವಾಗಿ ಅರ್ಧ ಮುಚ್ಚಿವೆ. ಡಾಕ್ಟರಿಗೆ ಫೋನ್ ಮಾಡಿದರೆ, “ಎರಡು ತಪ್ಪಿದ್ದೇ ಹೆಚ್ಚು. ಮೂರನೇದೂ ತಪ್ಪಿದ್ರೆ ನನ್ನನ್ನ ಏನೂ ಕೇಳ್ಬೇಡಿ” ಎಂದು ಇಟ್ಟುಬಿಟ್ಟರು. ಮೂರನೆಯದು ಬರುವ ಮಂಗಳವಾರ. ನಡುವೆ ಇರುವುದು ಎರಡು ದಿನ.

ನಿಮಗೆ ಈ ರಸ್ತೆ ಗೊತ್ತು. ಬಸ್ಸು ಸೇತುವೆಯ ತನಕ. ಅಲ್ಲಿಂದ ಮೇಲಕ್ಕೆ ಹದಿಮೂರು ಕಿಲೋಮೀಟರ್ ಕಲ್ಲು, ನಡುವೆ ಎರಡು ತೊರೆ. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲದೆ ಬೇರೇನೂ ಹತ್ತುವುದಿಲ್ಲ. ಗಣಿ ಮುಚ್ಚಿದ ಮೇಲೆ ಲಾರಿಗಳೂ ನಿಂತುಹೋದವು. ಕಾಲನಿಯಲ್ಲಿ ಉಳಿದ ಅರವತ್ತು ಮನೆಗೆ ವಾಹನ ಎಂದರೆ ಸಮಿತಿಯ ಈ ಜೀಪು ಒಂದೇ. “ಅಷ್ಟು ಕಷ್ಟ ಆದ್ರೆ ಪಟ್ಟಣದಲ್ಲೇ ಇರಲಿ” ಎಂದು ಸಲಹೆ ಕೊಡುವವರಿಗೆ ಬರವಿಲ್ಲ. ಇಟ್ಟುಕೊಂಡು ನೋಡಿದ್ದೇನೆ. ನನ್ನ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಐದು ದಿನ ಇದ್ದಳು. ಐದು ದಿನದಲ್ಲಿ ನನ್ನ ಕಿಟಕಿಯ ಪರದೆ, ದಿಂಬಿನ ಚೀಲ, ಕೊನೆಗೆ ಛತ್ರಿಯ ಬಟ್ಟೆಯನ್ನೂ ಬಿಚ್ಚಿ ಮತ್ತೆ ಹೊಲಿದಳು. ಆರನೇ ದಿನ ಬೆಳಗ್ಗೆ, “ಇನ್ನು ನಿಮ್ಮನೇಲಿ ಹೊಲಿಯೋಕೆ ಏನೂ ಉಳಿದಿಲ್ಲ ಅಕ್ಕ. ನನ್ನ ಮಷೀನು ಅಲ್ಲಿದೆ, ನಾನೂ ಅಲ್ಲೇ ಇರ್ತೀನಿ” ಎಂದು ಚೀಲ ಹಿಡಿದು ಹೊರಟಳು. ಅವಳು ಹೊಲಿಗೆ ಬಿಟ್ಟು ಬದುಕಲಿ ಎನ್ನುವುದು, ನೀವು ಸ್ಪ್ಯಾನರ್ ಬಿಟ್ಟು ಬದುಕಿ ಎಂದ ಹಾಗೆ.

ಈಗ ಅದೇ ಮಷೀನಿನ ಪಕ್ಕದಲ್ಲಿ, ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಗುಂಡಿ ಹಚ್ಚದ ಶಾಲಾ ಅಂಗಿಗಳು ಒಂದು ಮೂಲೆಯಲ್ಲಿ ಗುಡ್ಡೆ ಬಿದ್ದಿವೆ. ಅವಳು ಗೋಡೆಗೆ ಒರಗಿ, ಕಾಲನ್ನು ಎರಡು ದಿಂಬಿನ ಮೇಲೆ ಇಟ್ಟು, ಒಂದೊಂದೇ ಗುಂಡಿ ಹಚ್ಚುತ್ತಿದ್ದಾಳೆ. ಡ್ರೈವರ್ ಮೆಲ್ಲಣ್ಣ ಹೊರಗೆ ಕಾಯುತ್ತಿದ್ದಾನೆ. ಎರಡನೇ ಗೇರಿನಲ್ಲೇ ಹುಟ್ಟಿದವನು ಎಂದು ಆಡಿಕೊಂಡು ಅವನಿಗೆ ಆ ಹೆಸರಿಟ್ಟವರು ನೀವೇ. ಈ ಕಾಗದವನ್ನು ನಿಮ್ಮ ಕೈಗೇ ಕೊಡಬೇಕು, ಗ್ಯಾರೇಜಿನ ಮೇಜಿನ ಮೇಲೆ ಇಟ್ಟು ಬರಬಾರದು ಎಂದು ಹೇಳಿದ್ದೇನೆ. ಆ ಮೇಜಿನ ಮೇಲೆ ಇಟ್ಟ ಕಾಗದಗಳ ಮೇಲೆ ನೀವು ಗ್ರೀಸ್ ಡಬ್ಬಿ ಇಡುತ್ತೀರಿ. ನಾನು ಮರೆತಿಲ್ಲ.

ಹಳೆಯ ಸ್ಪ್ರಿಂಗುಗಳು ಕುಸಿದಿದ್ದವು, ಒಪ್ಪುತ್ತೇನೆ. ತೊರೆ ದಾಟುವಾಗ ಗಾಡಿಯ ಹೊಟ್ಟೆ ಕಲ್ಲಿಗೆ ತಾಗುತ್ತಿತ್ತು, ಡೀಸೆಲ್ ಟ್ಯಾಂಕಿಗೆ ಎರಡು ಸಲ ಬೆಸುಗೆ ಹಾಕಿಸಿದ್ದೂ ಆಗಿತ್ತು. ಏನಾದರೂ ಮಾಡಲೇಬೇಕಿತ್ತು. ಆದರೆ ಆ ಕುಸಿದ ಗಾಡಿಯಲ್ಲಿ ದರ್ಜಿ ಹದಿನಾಲ್ಕು ತಿಂಗಳು ಒಂದು ದಿನವೂ ತಪ್ಪಿಸದೆ ಹೋಗಿಬಂದಳು. ಅದು ಮುದಿ ಎಮ್ಮೆಯ ಹಾಗೆ ಅತ್ತಿತ್ತ ಓಲಾಡುತ್ತಿತ್ತು, ನರಳುತ್ತಿತ್ತು. ಆದರೆ ಕಲ್ಲಿನ ಏಟನ್ನು ತಾನು ತಿಂದು ಮೇಲಿದ್ದವರಿಗೆ ಓಲಾಟವನ್ನಷ್ಟೇ ಕೊಡುತ್ತಿತ್ತು. ವಾಪಸು ಬರುವಾಗ ಅವಳು ಸ್ಟ್ರೆಚರಿನ ಮೇಲೆ ನಿದ್ದೆ ಹೋಗಿ, ಎರಡನೇ ತೊರೆಯ ನೀರಿನ ಸದ್ದಿಗೆ ಎದ್ದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ನಿವೃತ್ತಿಯಾದ ಮೇಲೆ ಲೈಬ್ರರಿಯ ಕುರ್ಚಿ ಬಿಟ್ಟು ಈ ಜೀಪಿನ ಪಕ್ಕದ ಬೆಂಚಿನಲ್ಲಿ ಕೂತವಳು ನಾನು. ಸಮಿತಿಯಲ್ಲಿ ಒಂಬತ್ತು ಜನರಿದ್ದಾರೆ, ರೋಗಿಯ ಜೊತೆ ಹೋಗುವವಳು ಒಬ್ಬಳೇ.

ನೀವು ಏನು ಮಾಡಿದಿರಿ? ಹಿಂದಿನ ಪ್ರತಿ ಸ್ಪ್ರಿಂಗಿಗೂ ಒಂಬತ್ತು ದಪ್ಪ ಉಕ್ಕಿನ ಪಟ್ಟಿ ಕಟ್ಟಿದಿರಿ. ಗ್ಯಾಸ್ ತುಂಬಿದ ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿದಿರಿ. ಗಾಡಿಯನ್ನು ಮೂರು ಇಂಚು ಎತ್ತಿದಿರಿ. ಪರೀಕ್ಷೆ ಮಾಡಲು ಹಿಂದೆ ಹತ್ತು ಮೂಟೆ ಸಿಮೆಂಟ್ ಹೇರಿಕೊಂಡು ಗಣಿಯ ತನಕ ಓಡಿಸಿ ಬಂದಿರಿ. ಮೂಟೆಗಳು ದೂರು ಕೊಡಲಿಲ್ಲ. ಒಂದನೇ ತಾರೀಕು ಸಮಿತಿಯ ಏಳು ಜನ ಗಂಡಸರು ಹಿಂದೆ ಹತ್ತಿ ಕೂತು, ಸೇತುವೆಯಿಂದ ಮೊದಲ ತೊರೆಯ ತನಕ ಹೋಗಿ ಬಂದು, “ಬೆಣ್ಣೆ ಇದ್ದ ಹಾಗಿದೆ” ಎಂದರು. ಅವರು ಸುಳ್ಳು ಹೇಳಲಿಲ್ಲ. ಏಳು ಗಂಡಸರ ಭಾರಕ್ಕೆ ಆ ಪಟ್ಟಿಗಳು ಬಾಗುತ್ತವೆ. ಔಷಧದಂಗಡಿಯವರೊಬ್ಬರೇ ಮೂರು ಪಟ್ಟಿ ಬಾಗಿಸಬಲ್ಲರು.

ಮೂರನೇ ತಾರೀಕು ದರ್ಜಿ ಹತ್ತಿದಳು. ಹತ್ತಿದಳು ಎನ್ನುವುದೇ ತಪ್ಪು. ಮೊದಲು ಮೊಣಕಾಲಿನ ಎತ್ತರಕ್ಕಿದ್ದ ಹಿಂಬಾಗಿಲಿನ ಮೆಟ್ಟಿಲು ಈಗ ಅವಳ ತೊಡೆಯ ತನಕ ಬಂದಿತ್ತು. ಮೆಲ್ಲಣ್ಣ ಕಂಕುಳಿಗೆ ಕೈ ಹಾಕಿ ಎತ್ತಿ ಒಳಗೆ ಇಟ್ಟ. “ನಾನೇನು ಹಿಟ್ಟಿನ ಚೀಲವೇನಪ್ಪಾ?” ಎಂದು ನಗಾಡಿದಳು. ಅದು ಆ ದಿನದ ಕೊನೆಯ ನಗು. ಆರನೇ ತಾರೀಕು ವಾಪಸು ಬರುವಾಗ, ಕಮರಿ ತಿರುವಿನ ಕಲ್ಲಿಗೆ ಹಿಂದಿನ ಚಕ್ರ ಏರಿದ್ದೇ ತಡ, ಸ್ಟ್ರೆಚರು ಅವಳನ್ನು ಗಾಳಿಗೆ ಎಸೆದು ಹಿಡಿಯಿತು. ಡಯಾಲಿಸಿಸ್‌ನ ಸೂಜಿ ಚುಚ್ಚಿದ ಕೈ ಬೆಂಚಿನ ಕಬ್ಬಿಣಕ್ಕೆ ಬಡಿಯಿತು. ಬ್ಯಾಂಡೇಜ್ ಕಟ್ಟಿದ ಜಾಗದಿಂದ ರಕ್ತ ಬಂತು. ಅಂಥ ಕೈಯಿಂದ ರಕ್ತ ಬಂದರೆ ನಲ್ಲಿ ಬಿಟ್ಟ ಹಾಗೆ ಬರುತ್ತದೆ. ಗಾಡಿ ನಿಲ್ಲಿಸಿ, ಇಪ್ಪತ್ತು ನಿಮಿಷ ನನ್ನ ಎರಡೂ ಹೆಬ್ಬೆರಳು ಒತ್ತಿಹಿಡಿದು ಕೂತಿದ್ದೆ. ಅವಳು ಚಾವಣಿ ನೋಡುತ್ತಾ ಒಂದೇ ಮಾತು ಹೇಳಿದಳು: “ಇದು ನನ್ನ ಅಳತೆ ತಗೊಳ್ದೆ ಹೊಲಿದ ಬಟ್ಟೆ ಅಕ್ಕ.”

ಅದಾದ ಮೇಲೆ ಅವಳು ಹತ್ತಿಲ್ಲ.

ಹತ್ತನೇ ತಾರೀಕು ಅವಳು ಬಾಗಿಲು ತೆಗೆಯದೆ ಹೋದಾಗ, ಖಾಲಿ ಗಾಡಿಯಲ್ಲಿ ಆ ಸ್ಟ್ರೆಚರಿನ ಮೇಲೆ ನಾನೇ ಮಲಗಿದೆ. ಮೆಲ್ಲಣ್ಣ ಬೇಡವೆಂದ. “ಎಂದಿನ ಹಾಗೇ ಓಡಿಸು, ನನಗೋಸ್ಕರ ನಿಧಾನ ಮಾಡಬೇಡ” ಎಂದೆ. “ಇನ್ನೂ ನಿಧಾನ ಮಾಡಿದ್ರೆ ಗಾಡಿ ಹಿಂದಕ್ಕೆ ಹೋಗುತ್ತಮ್ಮ” ಎಂದ ಪಾಪ. ಮಲಗಿದವರಿಗೆ ರಸ್ತೆ ಕಾಣುವುದಿಲ್ಲ, ನಿಮಗಿದು ಗೊತ್ತಿದೆಯೇ? ಕೂತವರು ಕಲ್ಲನ್ನು ನೋಡಿ ಮೈ ಬಿಗಿಹಿಡಿಯುತ್ತಾರೆ, ಸ್ಟಿಯರಿಂಗ್ ಹಿಡಿದವರಿಗೆ ಮೊದಲೇ ಗೊತ್ತಿರುತ್ತದೆ. ಮಲಗಿದವರಿಗೆ ಕಾಣುವುದು ಚಾವಣಿಯ ಆರು ತಿರುಪು. ಏಟು ಯಾವಾಗ ಬರುತ್ತದೆ ಎಂದು ತಿಳಿಯದೆ, ಬಂದ ಮೇಲೆ ಇನ್ನೊಂದಕ್ಕೆ ಕಾಯುತ್ತಾ ಹದಿಮೂರು ಕಿಲೋಮೀಟರ್. ಕನ್ನಡಕ ಮೂಗಿನಿಂದ ಹಾರಿ ಕಾಲ ಹತ್ತಿರ ಬಿತ್ತು. ನಾಲಿಗೆ ಕಚ್ಚಿಕೊಂಡೆ. ಸೇತುವೆ ಮುಟ್ಟಿದಾಗ ನನಗೆ ನನ್ನ ಬೆನ್ನಿನ ಒಂದೊಂದು ಮೂಳೆಯ ಪರಿಚಯವೂ ಆಗಿತ್ತು. ನನ್ನದು ಆರೋಗ್ಯವಂತ ಮೈ. ನನ್ನ ಕೈಗೆ ಯಾರೂ ದಪ್ಪ ಸೂಜಿ ಚುಚ್ಚಿರಲಿಲ್ಲ.

ಮರುದಿನ ಮೆಲ್ಲಣ್ಣನನ್ನು ನಿಮ್ಮ ಹತ್ತಿರ ಕಳಿಸಿದೆ. ಅವನು ಹೇಳಿದ್ದನ್ನು ನೀವು ಚಕ್ರದ ನಟ್ಟು ಬಿಗಿಯುತ್ತಲೇ ಕೇಳಿಸಿಕೊಂಡಿರಂತೆ. ಆಮೇಲೆ, “ಗಾಡಿ ಸರಿಯಾಗಿದೆ, ರಸ್ತೆ ಸರಿ ಇಲ್ಲ. ಮೆತ್ತಗೆ ಬೇಕು ಅಂದ್ರೆ ಇನ್ನೊಂದು ಹಾಸಿಗೆ ಹಾಕ್ಕೊಳ್ಳಿ” ಎಂದಿರಂತೆ. ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದವಳ ಕೈಗೆ ಪೆನ್ನು ಬಂದದ್ದು ಆ ಮಾತಿಗೆ. ಹಾಸಿಗೆ ಹಾಕಿದ್ದೇವೆ ಸ್ವಾಮಿ. ಎರಡು ಹಾಕಿದ್ದೇವೆ. ಹಾಸಿಗೆ ಎತ್ತರವಾಗಿ ಅವಳು ಸ್ಟ್ರೆಚರಿನ ಬೆಲ್ಟಿನಿಂದ ಜಾರುತ್ತಾಳೆ.

ಈ ಊರಿನಲ್ಲಿ ಮೂವತ್ತೊಂದು ವರ್ಷ ಲೈಬ್ರರಿ ನಡೆಸಿದವಳಿಗೆ ಇಂಥ ಕೆಲಸಗಳ ಪಟ್ಟಿಯೇ ಬಾಯಿಪಾಠವಿದೆ. ಆಸ್ಪತ್ರೆಗೆ ಲಿಫ್ಟ್ ತಂದರು. ಎಂಟು ಜನ ನಿಲ್ಲಬಹುದು, ಸ್ಟ್ರೆಚರ್ ಹಿಡಿಯುವುದಿಲ್ಲ. ಇವತ್ತಿಗೂ ಶಸ್ತ್ರಚಿಕಿತ್ಸೆ ಆದವರನ್ನು ಮೆಟ್ಟಿಲ ಮೇಲೆ ಹೊತ್ತು ಏರಿಸುತ್ತಾರೆ, ಲಿಫ್ಟಿನಲ್ಲಿ ನೋಡಲು ಬಂದ ನೆಂಟರು ಹೋಗುತ್ತಾರೆ. ನನ್ನ ಲೈಬ್ರರಿಗೆ ಗಾಲಿಕುರ್ಚಿಯವರಿಗೆಂದು ಇಳಿಜಾರು ಕಟ್ಟಿಸಿ, ಅದರ ತುದಿಯಲ್ಲಿ ಅಂದವಾಗಿ ಕಾಣಲಿ ಎಂದು ಒಂದು ಮೆಟ್ಟಿಲು ಇಟ್ಟರು. ಹನ್ನೊಂದು ಅರ್ಜಿ ಬರೆದೆ. ಆ ಮೆಟ್ಟಿಲು ಈಗಲೂ ಇದೆ. ಬಸ್ ನಿಲ್ದಾಣದ ಬೆಂಚನ್ನು ಜನ ಮಲಗಬಾರದೆಂದು ಹೇಗೆ ಮಾಡಿದ್ದಾರೆಂದರೆ ಅದರ ಮೇಲೆ ಕೂರಲೂ ಆಗುವುದಿಲ್ಲ. ಇನ್ನು, ಒಬ್ಬರು ತಮ್ಮ ಮನೆಗೆ ಅಡುಗೆ ಕಟ್ಟೆ ಕಟ್ಟಿಸಿದರು. ಎದೆಯೆತ್ತರದ ಕಟ್ಟೆ, ನುಣುಪಾದ ಕಲ್ಲು, ಬಂದವರೆಲ್ಲ ಹೊಗಳುವವರೇ. ಅಲ್ಲಿ ಅಡುಗೆ ಮಾಡುವವಳು ಇಪ್ಪತ್ತಾರು ವರ್ಷ ಒಂದು ಮಣೆಯ ಮೇಲೆ ನಿಂತು ಒಗ್ಗರಣೆ ಹಾಕಿದಳು. ಆ ಮಹಾಶಯರನ್ನು ನೀವು ಬಲ್ಲಿರಿ. ಕನ್ನಡಿಯಲ್ಲಿ ನೋಡಿಕೊಳ್ಳಿ.

ಇವರು ಯಾರೂ ಕೆಟ್ಟವರಲ್ಲ. ಅದೇ ನನ್ನ ಸಿಟ್ಟು. ಕೆಟ್ಟವರಾಗಿದ್ದರೆ ಒಂದು ಅರ್ಜಿಯಲ್ಲಿ ಮುಗಿಯುತ್ತಿತ್ತು. ಇವರೆಲ್ಲ ಬೆವರು ಸುರಿಸಿ, ಪ್ರೀತಿಯಿಂದ, ಊರಿಗೆ ಒಳ್ಳೆಯದಾಗಲಿ ಎಂದೇ ಮಾಡುತ್ತಾರೆ. ಮಾಡಿದ ಮೇಲೆ ಅದರ ಮೇಲೆ ಒಂದು ಸಲ ಕೂತು ನೋಡುವುದಿಲ್ಲ, ಮಲಗಿ ನೋಡುವುದಿಲ್ಲ. ನೀವೂ ಕೂಲಿ ತೆಗೆದುಕೊಳ್ಳದೆ ಹನ್ನೆರಡು ದಿನ ದುಡಿದಿರಿ ಎಂದು ಕೇಳಿದೆ. ಆ ಹನ್ನೆರಡು ದಿನದಲ್ಲಿ ಹನ್ನೆರಡು ನಿಮಿಷ ಆ ಸ್ಟ್ರೆಚರಿಗೆ ಕೊಡಲು ನಿಮಗೆ ತೋಚಲಿಲ್ಲವಲ್ಲ.

ನನಗೆ ಗ್ಯಾರೇಜಿನ ವಿದ್ಯೆ ಬರುವುದಿಲ್ಲ, ಓದಲು ಬರುತ್ತದೆ. ನೀವು ಮನೆಯಲ್ಲಿದ್ದ ನನ್ನ ಓದುವ ಕೋಣೆಯ ಗೋಡೆ ಒಡೆದು ಟೈರು ಜೋಡಿಸಿದ ದಿನ, ಮನೆ ಬಿಟ್ಟು ಹೊರಡುವಾಗ ನಾನು ಪೆಟ್ಟಿಗೆಗೆ ತುಂಬಿಕೊಂಡು ಬಂದ ಪುಸ್ತಕಗಳಲ್ಲಿ ನಿಮ್ಮದೂ ಒಂದು ಸೇರಿಕೊಂಡಿತ್ತು. ನೀವು ಕೆಲಸ ಕಲಿಯುವಾಗಿನ ಪಠ್ಯ, ರಟ್ಟು ಹೋಗಿದೆ, ತುಂಬ ಎಣ್ಣೆಯ ಬೆರಳಚ್ಚು. ಸ್ಪ್ರಿಂಗಿನ ಅಧ್ಯಾಯವನ್ನು ಈ ವಾರ ಮೂರು ಸಲ ಓದಿದೆ. ಗಾಡಿ ಎಷ್ಟು ಹೊರಬಲ್ಲದು ಎಂಬುದನ್ನು ನೋಡಿ ಸ್ಪ್ರಿಂಗ್ ಆರಿಸಬೇಡಿ, ದಿನನಿತ್ಯ ಎಷ್ಟು ಹೊರುತ್ತದೆ ಎಂಬುದನ್ನು ನೋಡಿ ಆರಿಸಿ, ಬಾಗದ ಪಟ್ಟಿ ಬರೀ ಕಬ್ಬಿಣ ಎಂದು ಅದರಲ್ಲಿ ಬರೆದಿದೆ. ಆ ಸಾಲಿನ ಕೆಳಗೆ ಪೆನ್ಸಿಲಿನ ಎರಡು ಗೆರೆ. ಪೆನ್ಸಿಲು ನಿಮ್ಮದು. ಇಪ್ಪತ್ತು ವರ್ಷದವರಿದ್ದಾಗ ನಿಮಗೆ ಗೊತ್ತಿದ್ದದ್ದು ಪಂದ್ಯದ ಬಹುಮಾನಗಳು ಬಂದ ಮೇಲೆ ಮರೆತುಹೋಯಿತು. ಗುಡ್ಡ ಹತ್ತುವ ಪಂದ್ಯಕ್ಕೆ ಗಾಡಿ ತರುವವರೆಲ್ಲ ನಿಮ್ಮಿಂದ ಎತ್ತರ ಕೇಳುತ್ತಾರೆ, ಗಟ್ಟಿ ಕೇಳುತ್ತಾರೆ. ನೀವು ಕಾಯಿಲೆಯವಳಿಗೂ ಅದನ್ನೇ ಕೊಟ್ಟಿರಿ.

ಇಲ್ಲಿಯ ತನಕ ಬರೆದು, ನಿಲ್ಲಿಸಿ, ಹೊರಗೆ ಹೋಗಿ ಗಾಡಿಯ ಸುತ್ತ ಒಂದು ಸಲ ನಡೆದು ಬಂದೆ. ಒಂದು ವಿಷಯ ಬಿಟ್ಟು ಬರೆದಿದ್ದೇನೆ. ಅದನ್ನು ಮುಚ್ಚಿಟ್ಟರೆ ಮೇಲಿನದಕ್ಕೆಲ್ಲ ಬೆಲೆ ಇರುವುದಿಲ್ಲ.

ಹೋದ ತಿಂಗಳ ಸಭೆಯಲ್ಲಿ ನೀವು ಕೇಳಿದ್ದಿರಿ. ಔಷಧದಂಗಡಿಯ ಹಿಂದಿನ ಆ ಇಕ್ಕಟ್ಟು ಕೋಣೆಯಲ್ಲಿ, ಮಾತ್ರೆಯ ರಟ್ಟಿನ ಪೆಟ್ಟಿಗೆಗಳ ಮೇಲೆ ಎಲ್ಲರೂ ಕೂತಿದ್ದಾಗ, ನೀವು ಕಿವಿಯಿಂದ ಪೆನ್ಸಿಲ್ ತೆಗೆದು, “ಹಿಂದೆ ಮಾಮೂಲಿ ಎಷ್ಟು ಲೋಡ್ ಇರುತ್ತೆ?” ಎಂದಿರಿ. ಔಷಧದಂಗಡಿಯವರು, “ಫುಲ್ ಲೋಡ್ ಅಂತಲೇ ಹಿಡ್ಕೊಳ್ಳಿ ಸಾರ್, ಕಮ್ಮಿ ಅಂತ ಯಾಕೆ ಹೇಳ್ಬೇಕು” ಎಂದರು. ಉಳಿದವರು ಹೌದು ಹೌದು ಎಂದರು. ಭಾರ ಹೆಚ್ಚು ಎಂದರೆ ಸಮಿತಿಯ ಕೆಲಸವೂ ಹೆಚ್ಚು ಎಂದು ಅವರ ಭಾವನೆ. ಆ ಕೋಣೆಯಲ್ಲಿ ಸರಿಯಾದ ಉತ್ತರ ಗೊತ್ತಿದ್ದವಳು ಒಬ್ಬಳೇ. ಡಯಾಲಿಸಿಸ್‌ಗೆ ಮೊದಲು, ಆಮೇಲೆ, ಎರಡು ಸಲವೂ ಅವಳನ್ನು ತೂಗುತ್ತಾರೆ, ಮುಳ್ಳು ನೋಡುವವಳು ನಾನು. ಹೋಗುವಾಗ ನಲವತ್ತೊಂದು ಕಿಲೋ, ಬರುವಾಗ ಮೂವತ್ತೊಂಬತ್ತು. ನನ್ನದು ಐವತ್ತೆಂಟು. ಸ್ಟ್ರೆಚರೂ ಆಕ್ಸಿಜನ್ ಸಿಲಿಂಡರೂ ಸೇರಿ ಇನ್ನೊಂದು ಇಪ್ಪತ್ತೈದು. ನೂರಿಪ್ಪತ್ತೈದು ಕಿಲೋ ದಾಟಿದ್ದೇ ಇಲ್ಲ.

ನೀವು ಉತ್ತರಕ್ಕಾಗಿ ಒಂದು ಗಳಿಗೆ ನನ್ನ ಕಡೆ ನೋಡಿದಿರಿ. ನಾನು ಕಿಟಕಿಯ ಕಡೆ ನೋಡಿದೆ. ನಿಮ್ಮ ಜೊತೆ ಮಾತಾಡುವುದಿಲ್ಲ ಎಂದು ಶಪಥ ಮಾಡಿದವಳು ನಾನಲ್ಲವೇ. ಪಕ್ಕದಲ್ಲಿದ್ದ ಮೆಲ್ಲಣ್ಣನಿಗೆ ಹೇಳಿ ಅವನಿಂದ ಹೇಳಿಸಬಹುದಿತ್ತು. ಅಷ್ಟೂ ಮಾಡಲಿಲ್ಲ. ನೀವು ಚೀಟಿಯಲ್ಲಿ ಏಳುನೂರು ಕಿಲೋ ಎಂದು ಗೀಚಿಕೊಂಡಿರಿ. ಅದನ್ನು ಕಂಡೂ ಸುಮ್ಮನಿದ್ದೆ.

ಒಂದು ಸಲ ಬಾಯಿ ಬಿಟ್ಟ ಮೇಲೆ ಪೂರ್ತಿ ಬಿಡುತ್ತೇನೆ. ಸಭೆ ಮುಗಿಯುವಾಗ ನೀವು ನಿಮ್ಮ ಕಥೆ ಹೇಳಿದಿರಿ. ಹೊಸ ಗಿರಾಕಿ ಬಂದಾಗಲೆಲ್ಲ ಹೇಳುವ ಕಥೆ. “ಸೊಂಟ ಮುರಿದ ನಮ್ಮಮ್ಮನ್ನ ನನ್ನ ಪಂದ್ಯದ ಗಾಡೀಲೇ ಆಸ್ಪತ್ರೆಗೆ ತಂದೆ. ಇಳಿಸುವಾಗ ಕೇಳ್ದೆ, ಹೆಂಗಿತ್ತಮ್ಮ? ತೊಟ್ಟಿಲಲ್ಲಿ ಮಲಗಿದ್ದ ಹಾಗಿತ್ತು ಕಣಪ್ಪ ಅಂದ್ಲು.” ಎಲ್ಲರೂ ತಲೆದೂಗಿದರು.

ಆ ದಿನ ಹಿಂದೆ ಕೂತಿದ್ದವಳು ನಾನು. ಒಂಬತ್ತು ವರ್ಷವಾಯಿತು, ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅತ್ತೆ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದರು. ಪ್ರತಿ ಹಳ್ಳಕ್ಕೂ ನನ್ನ ಮಣಿಕಟ್ಟನ್ನು ಹಿಂಡುತ್ತಿದ್ದರು. ನಾಲ್ಕು ದಿನ ಆ ಬೆರಳಿನ ಗುರುತು ಹೋಗಲಿಲ್ಲ, ಬೇಸಿಗೆಯಲ್ಲೂ ನಾನು ತುಂಬುತೋಳಿನ ಸ್ವೆಟರ್ ಹಾಕಿದ್ದೆ, ನೀವು ಜ್ವರವೇ ಎಂದು ಕೇಳಿದ್ದಿರಿ. ನಿಧಾನ ಮಾಡಿ ಎಂದು ನಿಮಗೆ ಕೂಗಿ ಹೇಳಲು ನಾನು ಎದ್ದೆ. ಅತ್ತೆ ಎಳೆದು ಕೂರಿಸಿದರು. “ಬೇಡ ಕಣೇ. ಅಷ್ಟು ಆಸೆಯಿಂದ ಕಟ್ಟಿದ್ದಾನೆ ಗಾಡೀನ. ಮನಸ್ಸಿಗೆ ಹಚ್ಕೊಂಡ್ರೆ ವಾರ ಊಟ ಬಿಡ್ತಾನೆ” ಎಂದರು. ಆಸ್ಪತ್ರೆಯ ಬಾಗಿಲಲ್ಲಿ ನೀವು ಕೇಳಿದಿರಿ, ಅವರು ತೊಟ್ಟಿಲು ಎಂದರು, ನಾನು ಪಕ್ಕದಲ್ಲಿ ನಿಂತು ತಲೆ ಆಡಿಸಿದೆ. ಆ ಮುದುಕಿ ತೀರಿಕೊಳ್ಳುವ ತನಕ ಆ ಸುಳ್ಳನ್ನು ಬಿಟ್ಟುಕೊಡಲಿಲ್ಲ. ಆಮೇಲೆ ಅದನ್ನು ಕಾಯುವ ಕೆಲಸ ನನಗೆ ಬಂತು. ಮನೆ ಬಿಟ್ಟು ಬಂದ ಮೇಲೂ ಕಾದೆ ನೋಡಿ.

ನಿಮ್ಮ ಕೆಲಸದಲ್ಲಿ ಕುಂದು ಇದೆ ಎಂದು ನಿಮ್ಮ ಮನೆಯ ಹೆಂಗಸರು ಯಾಕೆ ಬಾಯಿ ಬಿಡಲಿಲ್ಲ ಎಂದು ನೀವು ಯೋಚಿಸಬೇಕು. ಉಪ್ಪು ಕಡಿಮೆ ಎಂದು ನೀವು ದಿನಾ ಹೇಳಿದಿರಿ, ನಾವು ಯಾರೂ ಸಾಯಲಿಲ್ಲ. ಬ್ರೇಕು ಕಿರುಚುತ್ತಿದೆ ಎಂದು ಒಂದೇ ಒಂದು ಸಲ ಹೇಳಿದ್ದಕ್ಕೆ ನೀವು ಎಂಟು ದಿನ ಗ್ಯಾರೇಜಿನಲ್ಲೇ ಮಲಗಿದಿರಿ. ಅದು ನಿಮ್ಮ ಪಾಲಿನ ತಪ್ಪು. ಹಾಗೆಂದು ಸುಮ್ಮನಿದ್ದದ್ದು ನನ್ನ ಪಾಲಿನದು. ಅದರ ಫಲವನ್ನು ಉಣ್ಣುತ್ತಿರುವವಳು ಮಾತ್ರ ನಮ್ಮ ಜಗಳಕ್ಕೂ ಮೌನಕ್ಕೂ ಏನೂ ಸಂಬಂಧವಿಲ್ಲದವಳು, ಗೋಡೆಗೆ ಒರಗಿ ಗುಂಡಿ ಹಚ್ಚುತ್ತಿದ್ದಾಳೆ.

ಈಗ ಆಗಬೇಕಾದ್ದನ್ನು ಬರೆಯುತ್ತೇನೆ. ಇದು ವಿನಂತಿಯಲ್ಲ.

ನಾಳೆ ಭಾನುವಾರ ಬೆಳಗ್ಗೆ ಏಳಕ್ಕೆ ಮೆಲ್ಲಣ್ಣ ಗಾಡಿ ತಂದು ನಿಮ್ಮ ಗೇಟಿನ ಮುಂದೆ ನಿಲ್ಲಿಸುತ್ತಾನೆ. ನಾನು ಹಿಂದಿನ ಬೆಂಚಿನಲ್ಲಿರುತ್ತೇನೆ. ನೀವು ಮುಂದಿನ ಬಾಗಿಲಿಗೆ ಕೈ ಹಾಕಬೇಡಿ. ಹಿಂದೆ ಹತ್ತಿ ಸ್ಟ್ರೆಚರಿನ ಮೇಲೆ ಮಲಗಬೇಕು. ಸೇತುವೆಯಿಂದ ಕಾಲನಿಗೆ, ಕಾಲನಿಯಿಂದ ಸೇತುವೆಗೆ, ಪೂರ್ತಿ. ಸ್ಟ್ರೆಚರಿನ ಬೆಲ್ಟ್ ಕಟ್ಟುತ್ತೇನೆ. ತಲೆ ಎತ್ತಿ ರಸ್ತೆ ನೋಡುವ ಹಾಗಿಲ್ಲ. ನಿಮ್ಮದು ಎಂಬತ್ತು ಕಿಲೋ, ಅವಳ ಎರಡರಷ್ಟು, ಆದ್ದರಿಂದ ನಿಮಗೆ ಬೀಳುವ ಏಟು ಅವಳಿಗೆ ಬೀಳುವುದಕ್ಕಿಂತ ಕಡಿಮೆಯೇ ಇರುತ್ತದೆ, ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಇಳಿದ ಮೇಲೆ ನಿಮಗೆ ಏನು ಮಾಡಬೇಕೆಂದು ನಾನು ಹೇಳಿಕೊಡಬೇಕಾಗಿಲ್ಲ. ಎಷ್ಟು ಪಟ್ಟಿ ಬಿಚ್ಚಬೇಕು, ಯಾವ ಶಾಕ್ ಅಬ್ಸಾರ್ಬರ್ ಹಾಕಬೇಕು, ಮೆಟ್ಟಿಲನ್ನು ಎಲ್ಲಿಗೆ ಇಳಿಸಬೇಕು ಎಂಬುದರಲ್ಲಿ ಈ ಸುತ್ತಿನಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಹೊಗಳಿಕೆ ಎಂದು ತಿಳಿಯಬೇಡಿ, ಇರುವುದನ್ನು ಹೇಳಿದೆ. ಗಾಡಿ ಸ್ವಲ್ಪ ಕುಳ್ಳಗಾಗುತ್ತದೆ. ಪತ್ರಿಕೆಯವರು ಮತ್ತೆ ಫೋಟೋ ತೆಗೆಯಲು ಬರುವುದಿಲ್ಲ. ಸೋಮವಾರ ಸಂಜೆಯೊಳಗೆ ಮುಗಿಯಬೇಕು. ಮಂಗಳವಾರ ಬೆಳಗ್ಗೆ ಆರಕ್ಕೆ ಅದು ಈ ಬಾಗಿಲಲ್ಲಿ ನಿಂತಿರಬೇಕು.

ನೀವು ಅದರಲ್ಲಿ ಪೂರ್ತಿ ಮಲಗಿ ಹೋಗಿಬಂದರೆ ತಾನೂ ಹತ್ತುತ್ತೇನೆ ಎಂದು ದರ್ಜಿ ಮಾತು ಕೊಟ್ಟಿದ್ದಾಳೆ. ಅವಳ ಮಾತಿನ ಮೇಲೆ ನನಗೆ ನಂಬಿಕೆ ಇದೆ. ನಿಮ್ಮದರ ಮೇಲೆ ಇಟ್ಟುಕೊಳ್ಳಬಹುದೇ ಎಂಬುದು ನಾಳೆ ಗೊತ್ತಾಗುತ್ತದೆ.

ಇಷ್ಟನ್ನೂ ಬರೆದು ರುಜು ಹಾಕುತ್ತಿರುವವಳು,
ಉತ್ತರ ಗೊತ್ತಿದ್ದೂ ಕಿಟಕಿಯ ಕಡೆ ನೋಡಿದವಳು,
ಕಾಗದಪತ್ರದಲ್ಲಿ ಇನ್ನೂ ನಿಮ್ಮ ಹೆಂಡತಿ

ತಾ.ಕ.: ಲಕೋಟೆಗೆ ಹಾಕುವ ಮೊದಲು ಇದನ್ನು ದರ್ಜಿಗೆ ಓದಿ ಹೇಳಿದೆ, ಅವಳ ಹೆಸರಿನಲ್ಲಿ ಜಗಳ ಕಾಯುವಾಗ ಅವಳಿಗೆ ತಿಳಿಯದೆ ಇರಬಾರದು ಎಂದು. ಸೂಜಿ ನಿಲ್ಲಿಸಿ ಕೇಳಿದಳು. ಅಡುಗೆ ಕಟ್ಟೆಯ ಜಾಗದಲ್ಲಿ ನಕ್ಕ ಹಾಗಿತ್ತು. ಅತ್ತೆಯ ವಿಷಯ ಬಂದಾಗ ಮುಖ ಸಣ್ಣದಾಯಿತು. “ಅದೊಂದನ್ನ ತೆಗೆದುಬಿಡಿ ಅಕ್ಕ. ಪಾಪ, ಅಮ್ಮ ಹೇಳಿದ್ದು ಅಂತ ಇಷ್ಟು ವರ್ಷ ನಂಬ್ಕೊಂಡಿದ್ದಾರೆ. ಅವರಿಗೆ ಯಾಕೆ ನೋವು ಮಾಡ್ಬೇಕು? ಬೇಕಾದ್ರೆ ನಾನೇ ಹಲ್ಲು ಕಚ್ಕೊಂಡು ಇದೇ ಗಾಡೀಲಿ ಬರ್ತೀನಿ ಮಂಗಳವಾರ” ಎಂದಳು. ಬಾಗಿಲಲ್ಲಿ ನಿಂತಿದ್ದ ಮೆಲ್ಲಣ್ಣನೂ, “ಹೌದಮ್ಮ, ಒಳ್ಳೇ ಮನುಷ್ಯ ಅವರು, ಅದೊಂದು ಬೇಡ” ಎಂದ. ಇಬ್ಬರೂ ಹೇಳಿ ಮುಗಿಸುವ ತನಕ ಕಾದೆ. ಒಂದು ಅಕ್ಷರವನ್ನೂ ತೆಗೆದಿಲ್ಲ. ನೋವು ಮಾಡಿಕೊಳ್ಳಿ. ಗಾಡಿ ಏಳಕ್ಕೆ ಬರುತ್ತದೆ.